ನಾಲ್ಕು ದನ, ಮುಕ್ಕಾಲು ಗಂಟೆ ಗ್ಯಾಸ್: ಉಳಿದದ್ದು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಎರಡು ಎಕರೆ ಅಡಿಕೆ ತೋಟ. ಕೊಟ್ಟಿಗೆಯಲ್ಲಿ ಎರಡು ಜೆರ್ಸಿ ಆಕಳು, ಒಂದು ಮಲೆನಾಡು ಗಿಡ್ಡ, ಒಂದು ಕರು ಇವೆ. ಅಪ್ಪ ಎಂಟು ದನ ಇದ್ದ ಕಾಲದಲ್ಲಿ ಕಟ್ಟಿಸಿದ 3 ಘನ ಮೀಟರಿನ ದೀನಬಂಧು ಗೋಬರ್ ಗ್ಯಾಸ್ ಇದೆ. ಆಗ ಅಡುಗೆಯೆಲ್ಲ ಅದರಲ್ಲೇ ಆಗುತ್ತಿತ್ತು. ಈಗ ದಿನಕ್ಕೆ ಮುಕ್ಕಾಲು ಗಂಟೆ ಉರಿದರೆ ಹೆಚ್ಚು. ಹೊರಗೆ ಬರುವ ಸ್ಲರಿ ನಾರುತ್ತದೆ, ನೊಣ ಮುತ್ತುತ್ತದೆ. ಈಚೆಗೆ ಕೊಟ್ಟಿಗೆ ತೊಳೆಯಲು ಮೋಟರ್ ಪೈಪ್ ಹಾಕಿಸಿದ್ದೇವೆ, ಆ ನೀರೂ ಅದಕ್ಕೇ ಹೋಗುತ್ತದೆ. ಅಡಿಕೆ ಸಿಪ್ಪೆ, ಬಾಳೆದಿಂಡು, ಅಡುಗೆಮನೆ ಕಸ ಹಾಕಿದರೆ ಗ್ಯಾಸ್ ಜಾಸ್ತಿ ಆಗುತ್ತದಾ? ನಮ್ಮ ಭಾವ, ಹಳೆಯದನ್ನು ಮುಚ್ಚಿ ರೆಡಿಮೇಡ್ ಬಲೂನ್ ಥರದ್ದು ಹಾಕಿಸಿ, ಕರೆಂಟೂ ಮಾಡಬಹುದು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮುಚ್ಚಬೇಡಿ. ನೀವು ಬರೆದದ್ದನ್ನು ಓದಿದರೆ ನಿಮ್ಮ ಗೋಬರ್ ಗ್ಯಾಸ್ ಸತ್ತಿಲ್ಲ. ನೀರು ಕುಡಿದು ಕುಡಿದು ಸುಸ್ತಾಗಿದೆ, ಅಷ್ಟೇ. ಆದರೆ ಅಡಿಕೆ ಸಿಪ್ಪೆ ಹಾಕಿದಿರೋ, ಆಗ ನಿಜವಾಗಿ ಕಟ್ಟಿಕೊಂಡು ನಿಂತುಹೋಗುತ್ತದೆ.

ಮೊದಲು ಒಂದು ತಕ್ಕಡಿ ತನ್ನಿ. ಬೆಳಿಗ್ಗೆ ಕೊಟ್ಟಿಗೆ ಬಾಚಿದ ಸಗಣಿಯನ್ನು ಬುಟ್ಟಿಗೆ ತುಂಬಿ ತೂಗಿ. ಒಂದು ವಾರ ಹೀಗೆ ಮಾಡಿ, ಸರಾಸರಿ ಹಿಡಿಯಿರಿ. ಗೋಬರ್ ಗ್ಯಾಸ್ ಬಗ್ಗೆ ಆಗುವ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಒಂದು ಕೆಲಸ ಮಾಡದೇ ಆಗುವಂಥವು. "ನಾಲ್ಕು ದನ ಇದೆ" ಅನ್ನುವುದು ಲೆಕ್ಕವೇ ಅಲ್ಲ. ಹೊಟ್ಟೆ ತುಂಬ ತಿನ್ನುವ ಒಂದು ಜೆರ್ಸಿ ದಿನಕ್ಕೆ 15 ಕಿಲೋ ಸಗಣಿ ಹಾಕಬಹುದು. ಮಲೆನಾಡು ಗಿಡ್ಡ ಸಣ್ಣ ಜೀವ, ಹಗಲೆಲ್ಲ ಬೆಟ್ಟದಲ್ಲಿ ಮೇಯುತ್ತದೆ, ಅರ್ಧ ಸಗಣಿ ಅಲ್ಲೇ ಬಿಟ್ಟು ಬರುತ್ತದೆ. ಕರುವಿನದು ಒಂದೆರಡು ಕಿಲೋ. ಒಟ್ಟು ಸೇರಿಸಿದರೆ ನಿಮ್ಮ ಕೊಟ್ಟಿಗೆಯಲ್ಲಿ ಸುಮಾರು 35 ಕಿಲೋ ಸಿಗಬೇಕು. ನಿಮ್ಮ 3 ಘನ ಮೀಟರಿನ ಗುಂಡಿಗೆ ಪೂರ್ತಿ ಊಟ ಅಂದರೆ 75 ಕಿಲೋ. ಅಂದರೆ ಅರ್ಧ ಹೊಟ್ಟೆಯೂ ತುಂಬುತ್ತಿಲ್ಲ.

ಇದರಿಂದ ಗುಂಡಿಗೆ ತೊಂದರೆಯಿಲ್ಲ. ಹಾಕಿದಷ್ಟಕ್ಕೆ ತಕ್ಕ ಗ್ಯಾಸ್ ಅದು ಕೊಟ್ಟೇ ಕೊಡಬೇಕು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ, 25 ಕಿಲೋಗೆ ಒಂದು ಘನ ಮೀಟರ್. ನಿಮ್ಮ 35 ಕಿಲೋಗೆ 1.4 ಘನ ಮೀಟರ್ ಬರಬೇಕು. ಮನೆಯ ಒಲೆಯ ಒಂದು ಬರ್ನರ್ ಗಂಟೆಗೆ 0.4ರಿಂದ 0.45 ಘನ ಮೀಟರ್ ತಿನ್ನುತ್ತದೆ. ಹಾಗಾದರೆ ದಿನಕ್ಕೆ ಒಂದು ಬರ್ನರ್ ಮೂರು ಗಂಟೆ ಉರಿಯಬೇಕಿತ್ತು, ಅಲ್ವಾ? ನಿಮಗೆ ಸಿಗುತ್ತಿರುವುದು ಮುಕ್ಕಾಲು ಗಂಟೆ. ಹೊಸ ಕಸ ಹುಡುಕುವ ಮೊದಲು ಕಾಣೆಯಾದ ಈ ಎರಡೂಕಾಲು ಗಂಟೆಯನ್ನು ಹುಡುಕೋಣ. ತಿಂಗಳಿಗೆ ಲೆಕ್ಕ ಹಾಕಿದರೆ ಆ 1.4 ಘನ ಮೀಟರ್ ಒಂದು ಸಿಲಿಂಡರಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಮೊದಲ ಅನುಮಾನ ನಿಮ್ಮ ಮೋಟರ್ ಪೈಪಿನ ಮೇಲೆ. ಗುಂಡಿಯೊಳಗೆ ಕೆಲಸ ಮಾಡುವುದು ಆಕಳ ಹೊಟ್ಟೆಯಿಂದಲೇ ಸಗಣಿಯ ಜತೆ ಬಂದ ಸೂಕ್ಷ್ಮಜೀವಿಗಳು. ಕೆಲವು ಜಾತಿಯವು ಸಗಣಿಯನ್ನು ಒಡೆದು ಹುಳಿ ಮಾಡುತ್ತವೆ, ಇನ್ನು ಕೆಲವು ಆ ಹುಳಿಯನ್ನು ತಿಂದು ಮೀಥೇನ್ ಬಿಡುತ್ತವೆ. ಈ ಎರಡನೆಯವು ಬಹಳ ನಿಧಾನ. ಅವಕ್ಕೆ ದಿನಗಳು ಬೇಕು. ಅದಕ್ಕೇ ನಮ್ಮ ಕಡೆ ಗುಂಡಿಯನ್ನು ಬಗ್ಗಡ, ಅಂದರೆ ನೀರಲ್ಲಿ ಕಲಸಿದ ಸಗಣಿ, ಸುಮಾರು 40 ದಿನ ಒಳಗೆ ಉಳಿಯುವ ಹಾಗೆ ಕಟ್ಟುತ್ತಾರೆ. ನಿಮ್ಮದರಲ್ಲಿ ಸುಮಾರು 6000 ಲೀಟರ್ ಬಗ್ಗಡ ಹಿಡಿಯುತ್ತದೆ. 35 ಕಿಲೋ ಸಗಣಿಗೆ 35 ಲೀಟರ್ ನೀರು ಹಾಕಿದರೆ ದಿನಕ್ಕೆ 70 ಲೀಟರ್, ಎರಡೂವರೆ ತಿಂಗಳಿಗಿಂತ ಹೆಚ್ಚು ಒಳಗಿರುತ್ತದೆ. ಪೈಪ್ ಹಿಡಿದು ತೊಳೆದು ಇನ್ನೂ 200 ಲೀಟರ್ ಬಿಟ್ಟರೆ? ಮೂರು ವಾರದಲ್ಲಿ ಹೊರಗೆ. ಅರೆಬೆಂದ ಸಗಣಿ ಆ ಕಡೆಯಿಂದ ಹೋಗುತ್ತದೆ, ಜೀವಿಗಳೂ ಅದರ ಜತೆ ತೊಳೆದುಹೋಗುತ್ತವೆ. ಸ್ಲರಿ ನಾರುತ್ತದೆ, ನೊಣ ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಚೆನ್ನಾಗಿ ಜೀರ್ಣವಾದ ಸ್ಲರಿಗೆ ಸಗಣಿ ವಾಸನೆ ಇರುವುದಿಲ್ಲ, ನೊಣವೂ ಹತ್ತಿರ ಸುಳಿಯುವುದಿಲ್ಲ. ಅಲ್ಲಿಗೆ ಗ್ಯಾಸ್ ಆಗಬೇಕಾದದ್ದು ಗ್ಯಾಸ್ ಆಗದೆ ಹೊರಗೆ ಬರುತ್ತಿದೆ ಅಂತ ಗೊತ್ತಾಯಿತು.

ಆದ್ದರಿಂದ ಸಗಣಿಯನ್ನು ಮೊದಲು ಬಾಚಿ ತೆಗೆಯಿರಿ, ಆಮೇಲೆ ತೊಳೆಯಿರಿ. ತೊಳೆದ ನೀರನ್ನು ಸಣ್ಣ ಕಾಲುವೆ ಮಾಡಿ ನೇರ ತೋಟಕ್ಕೋ ಗೊಬ್ಬರದ ಗುಂಡಿಗೋ ಬಿಡಿ. ಬಗ್ಗಡ ದೋಸೆಹಿಟ್ಟಿನ ಹದಕ್ಕೆ ಇರಲಿ, ನೀರುದೋಸೆ ಹದಕ್ಕಲ್ಲ. ನೀರಿನ ಬದಲು ಸ್ವಲ್ಪ ಗಂಜಲ ಸೇರಿದರೆ ಅಡ್ಡಿಯಿಲ್ಲ. ಕಲಸುವಾಗ ಗೊಂತಿನಿಂದ ಬಿದ್ದ ಹುಲ್ಲಿನ ಎಳೆ, ಕರಡ, ಕಡ್ಡಿ ಎಲ್ಲ ಕೈಯಲ್ಲಿ ಆರಿಸಿ ತೆಗೆಯಿರಿ. ಇದು ಬೇಸರದ ಕೆಲಸ ಅನ್ನುವುದು ನನಗೂ ಗೊತ್ತು. ಆದರೆ ಆ ಎಳೆಗಳೇ ಒಳಗೆ ಮೇಲಕ್ಕೆ ತೇಲಿ, ಒಂದರ ಮೇಲೊಂದು ಕೂತು, ಚಾಪೆಯಂತೆ ಗಟ್ಟಿ ಕೆನೆ ಕಟ್ಟುತ್ತವೆ. ಗ್ಯಾಸ್ ಕೆಳಗೇ ಉಳಿಯುತ್ತದೆ.

ಇನ್ನು ಕೊಟ್ಟಿಗೆಗೆ ಫಿನಾಯಿಲ್ ಹಾಕಿದ ದಿನ ಆ ನೀರು ಗುಂಡಿಗೆ ಹೋಗಲೇಬಾರದು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಡ್ರಮ್ಮು ತೊಳೆದ ನೀರೂ ಅಷ್ಟೇ. ಮೈಲುತುತ್ತದ ತಾಮ್ರ ಶಿಲೀಂಧ್ರವನ್ನು ಕೊಲ್ಲುವ ಹಾಗೇ ನಿಮ್ಮ ಗ್ಯಾಸಿನ ಜೀವಿಗಳನ್ನೂ ಕೊಲ್ಲುತ್ತದೆ. ಆಕಳಿಗೆ ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಚುಚ್ಚಿಸಿದ್ದರೆ ಆ ಕೆಲವು ದಿನದ ಸಗಣಿಯನ್ನು ಗೊಬ್ಬರದ ಗುಂಡಿಗೇ ಹಾಕಿ.

ಎರಡನೆಯದು ಸೋರಿಕೆ. ಇದನ್ನು ಕಂಡುಹಿಡಿಯಲು ಯಾರನ್ನೂ ಕರೆಸಬೇಕಿಲ್ಲ, ಒಂದು ಸೀಮೆಸುಣ್ಣ ಸಾಕು. ದೀನಬಂಧು ಮಾದರಿಯಲ್ಲಿ ಮೇಲೇಳುವ ಡ್ರಮ್ ಇಲ್ಲ. ಇಟ್ಟಿಗೆಯ ಗುಮ್ಮಟದೊಳಗೆ ಗ್ಯಾಸ್ ತುಂಬಿದಂತೆ ಅದು ಬಗ್ಗಡವನ್ನು ಒತ್ತುತ್ತದೆ, ಬಗ್ಗಡ ಹೊರತೊಟ್ಟಿಯಲ್ಲಿ ಏರುತ್ತದೆ. ಗ್ಯಾಸ್ ಉರಿಸಿದರೆ ಅದು ಇಳಿಯುತ್ತದೆ. ರಾತ್ರಿ ಅಡುಗೆ ಮುಗಿಸಿ, ಇರುವ ಗ್ಯಾಸನ್ನೆಲ್ಲ ಉರಿಸಿಬಿಡಿ. ಗುಮ್ಮಟದ ಮೇಲಿನ ವಾಲ್ವ್ ಬಂದ್ ಮಾಡಿ. ಹೊರತೊಟ್ಟಿಯ ಗೋಡೆಯಲ್ಲಿ ಬಗ್ಗಡ ಎಲ್ಲಿದೆಯೋ ಅಲ್ಲಿಗೆ ಗೆರೆ ಎಳೆಯಿರಿ. ಬೆಳಿಗ್ಗೆ ಹೊಸ ಸಗಣಿ ಹಾಕುವ ಮೊದಲು ನೋಡಿ. ಒಂದು ಗೇಣಿನಷ್ಟು ಏರಿದ್ದರೆ ಗುಮ್ಮಟ ಗಟ್ಟಿಯಾಗಿದೆ ಅಂತ ತಿಳಿಯಿರಿ. ಮರುದಿನ ರಾತ್ರಿ ಇದೇ ಪರೀಕ್ಷೆ ಮಾಡಿ, ಆದರೆ ಗುಮ್ಮಟದ ವಾಲ್ವ್ ತೆರೆದಿಟ್ಟು ಒಲೆ ಹತ್ತಿರದ್ದನ್ನು ಮಾತ್ರ ಬಂದ್ ಮಾಡಿ. ಮೊದಲ ದಿನ ಏರಿ, ಎರಡನೆ ದಿನ ಏರದಿದ್ದರೆ ಸೋರುತ್ತಿರುವುದು ಪೈಪು. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದಲ್ಲಿ ಹಿಡಿಯಿರಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರೂ ಇದ್ದಾರೆ. ದಯವಿಟ್ಟು ಬೇಡ.

ಎರಡೂ ರಾತ್ರಿ ಚೆನ್ನಾಗಿ ಏರಿ, ಆದರೂ ಒಲೆ ಮಂಕಾಗಿ ಉರಿದರೆ ದೋಷ ಅಡುಗೆಮನೆಯ ಕಡೆ ಇದೆ. ಉರಿ ಪಕ್‌ಪಕ್ ಅಂತ ಹಾರುತ್ತಿದೆಯೇ? ಪೈಪಿನಲ್ಲಿ ನೀರು ನಿಂತಿದೆ. ಈ ಗ್ಯಾಸಿನಲ್ಲಿ ತೇವ ಜಾಸ್ತಿ, ತಂಪು ಪೈಪಿನಲ್ಲಿ ಅದು ನೀರಾಗುತ್ತದೆ. ಪೈಪಿನ ತಗ್ಗಿನಲ್ಲಿ ನೀರು ಬಿಡುವ ಒಂದು ನಲ್ಲಿ ಇರಲೇಬೇಕು, ವಾರಕ್ಕೊಮ್ಮೆ ತೆರೆಯಬೇಕು. ಒಲೆಯೂ ಗೋಬರ್ ಗ್ಯಾಸಿನದೇ ಇರಲಿ. ಸಿಲಿಂಡರ್ ಒಲೆಯ ಜೆಟ್ ತೂತು ಸಣ್ಣದು, ಅದರಲ್ಲಿ ಸಾಕಷ್ಟು ಗ್ಯಾಸ್ ಹೋಗುವುದಿಲ್ಲ.

ಈಗ ನಿಮ್ಮ ಕಸದ ಪ್ರಶ್ನೆಗೆ ಬರೋಣ. ಅಡಿಕೆ ಸಿಪ್ಪೆ ಖಂಡಿತ ಬೇಡ. ಅದರಲ್ಲಿ ಲಿಗ್ನಿನ್ ಎಂಬ ಮರದಂಥ ಅಂಶ ಜಾಸ್ತಿ. ಗಾಳಿಯಿಲ್ಲದ ಕಡೆ ಅದನ್ನು ಒಡೆಯುವ ಜೀವಿ ನಿಮ್ಮ ಗುಂಡಿಯಲ್ಲಿಲ್ಲ. ವರ್ಷ ಕಳೆದರೂ ಸಿಪ್ಪೆ ಸಿಪ್ಪೆಯಾಗೇ ತೇಲುತ್ತಿರುತ್ತದೆ. ಅಡಿಕೆ ಬೇಯಿಸಿದ ಚೊಗರೂ ಬೇಡ. ಅದರ ಟ್ಯಾನಿನ್ ಮೀಥೇನ್ ಮಾಡುವ ಜೀವಿಗಳಿಗೆ ಆಗುವುದಿಲ್ಲ. ಸಿಪ್ಪೆಯನ್ನು ಬಚ್ಚಲ ಒಲೆಗೆ ಹಾಕಿ, ಇಲ್ಲವೇ ಗೊಬ್ಬರ ಮಾಡಿ. ಹೇಗೆ ಅನ್ನುವುದನ್ನು ಸ್ಲರಿ ವಿಷಯಕ್ಕೆ ಬಂದಾಗ ಹೇಳುತ್ತೇನೆ. ಬಾಳೆದಿಂಡಿನಲ್ಲಿ ಹೆಚ್ಚಿನದು ನೀರು, ಉಳಿದದ್ದು ನಾರು. ಕತ್ತರಿಸುವ ಶ್ರಮಕ್ಕೆ ಬರುವ ಗ್ಯಾಸ್ ಸಾಲದು.

ಅಡುಗೆಮನೆ ಕಸದ ಕಥೆ ಬೇರೆ. ಸಗಣಿ ಅಂದರೆ ಆಕಳು ಸಾರ ತೆಗೆದುಕೊಂಡು ಬಿಟ್ಟ ಚರಟ. ಅನ್ನ, ಹಿಟ್ಟು, ಕೊಳೆತ ಹಣ್ಣು ಇವುಗಳಲ್ಲಿ ಸಾರ ಹಾಗೇ ಇರುತ್ತದೆ. ಕಿಲೋಗೆ ಕಿಲೋ ಹೋಲಿಸಿದರೆ ಸಗಣಿಯ ಎರಡು ಮೂರು ಪಟ್ಟು ಗ್ಯಾಸ್ ಬರಬಹುದು. ಪುಣೆಯಲ್ಲಿ ಆನಂದ ಕರ್ವೆಯವರ 'ಆರ್ಟಿ' ಸಂಸ್ಥೆ ಇದನ್ನೇ ನಂಬಿ ಪಟ್ಟಣದ ಮನೆಗಳಿಗೆ ಸಣ್ಣ ಗ್ಯಾಸ್ ತೊಟ್ಟಿ ಮಾಡಿಕೊಟ್ಟಿತು. ಆದರೆ ಇದರಲ್ಲೊಂದು ಅಪಾಯವಿದೆ. ಇಂಥ ಆಹಾರ ಬೇಗ ಹುಳಿಯಾಗುತ್ತದೆ. ಹುಳಿ ತಿನ್ನುವ ಜೀವಿಗಳು ನಿಧಾನ ಅಂದೆನಲ್ಲ, ಅವು ಹಿಂದೆ ಬೀಳುತ್ತವೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನೆಲ್ಲ ಒಂದೇ ದಿನ ಗುಂಡಿಗೆ ಸುರಿದರೆ ಮರುದಿನ ಗ್ಯಾಸ್ ಭರ್ಜರಿ ಬರುತ್ತದೆ, ವಾರದಲ್ಲಿ ಒಲೆ ಹತ್ತುವುದೇ ಇಲ್ಲ. ಬರುವುದು ಬರೀ ಇಂಗಾಲದ ಡೈಆಕ್ಸೈಡ್. ಹಾಗಾದಾಗ ಕೆಲವು ದಿನ ಏನೂ ಹಾಕದೆ ಬಿಡಿ. ಆಮೇಲೆ ಸ್ವಲ್ಪ ಸ್ವಲ್ಪ ಸಗಣಿಯಿಂದಲೇ ಶುರು ಮಾಡಿ.

ನಿಮ್ಮ ಮನೆಯಲ್ಲಿ ಕಸ ಎಷ್ಟು ಆಗುತ್ತದೆ? ಅನ್ನದ ಗಂಜಿ, ಅಕ್ಕಚ್ಚು, ತರಕಾರಿ ಸಿಪ್ಪೆ ಹೇಗೂ ಆಕಳಿಗೆ ಹೋಗುತ್ತದೆ. ಹೋಗಲಿ, ಹಾಲೂ ಸಗಣಿಯೂ ಎರಡೂ ಬರುತ್ತದೆ. ಆಕಳು ಮುಟ್ಟದ ಹಳಸಲು, ಕೊಳೆತ ಹಣ್ಣು ಇದ್ದರೆ ಅರೆದು, ದಿನಕ್ಕೆ ಅರ್ಧ ಕಿಲೋದಿಂದ ಶುರು ಮಾಡಿ. ಎರಡು ಕಿಲೋ ದಾಟಬೇಡಿ. ಲಿಂಬೆ ಸಿಪ್ಪೆ, ಉಪ್ಪಿನಕಾಯಿ, ಮೊಟ್ಟೆ ಚಿಪ್ಪು, ಮೂಳೆ ಬೇಡ.

ಪೇಪರಿನಲ್ಲಿ ಹುಲ್ಲು, ಕಬ್ಬಿನ ಮಡ್ಡಿ, ಊರ ಕಸದಿಂದ ಗ್ಯಾಸ್ ಅಂತ ಓದಿರುತ್ತೀರಿ. ಅದು ಸುಳ್ಳಲ್ಲ, ಅದರ ಅಳತೆ ಬೇರೆ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿಕಸ ಹಿಡಿಯುವಂಥದ್ದು, 17 ಟನ್ ಗ್ಯಾಸ್ ಮಾಡುವ ಸಾಮರ್ಥ್ಯದ್ದು. ಸಕ್ಕರೆ ಕಾರ್ಖಾನೆಯ ಮಡ್ಡಿ ಬಳಸಿದರೆ ಒಂದು ಟನ್ ಸಂಕುಚಿತ ಗ್ಯಾಸಿಗೆ ಸುಮಾರು 25 ಟನ್ ಮಡ್ಡಿ ಬೇಕು. ಅಲ್ಲಿ ಅರೆಯುವ, ಕಲಕುವ, ಬಿಸಿ ಮಾಡುವ, ಹುಳಿ ಅಳೆಯುವ ಯಂತ್ರಗಳಿರುತ್ತವೆ. ನಿಮ್ಮ ಗುಮ್ಮಟದೊಳಗೆ ಕಲಕುವ ಒಂದು ಕೋಲೂ ಇಲ್ಲ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ಘನ ಮೀಟರಿನಿಂದ ಸಣ್ಣ ಜನರೇಟರಿನಲ್ಲಿ ಸುಮಾರು ಒಂದೂವರೆ ಯೂನಿಟ್ ಬಂದೀತು. ನಿಮ್ಮ ಪೂರ್ತಿ ಗ್ಯಾಸ್ ಸುಟ್ಟರೂ ದಿನಕ್ಕೆ ಎರಡು ಯೂನಿಟ್. ಅಡುಗೆಗೆ ಮತ್ತೆ ಸಿಲಿಂಡರ್ ತರಬೇಕು. ಗೃಹಜ್ಯೋತಿ ಇರುವಾಗ ಈ ವ್ಯಾಪಾರ ಯಾಕೆ? ಭಾವನವರಿಗೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯ ಕಥೆ ಹೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ತಂಡದವರು ಅಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ನಡೆಸಿದರು. ಮೊದಲು ಎಲ್ಲರ ಅಡುಗೆಗೆ ಅಂತ ಹೊರಟರೆ ಗ್ಯಾಸ್ ಸಾಲಲಿಲ್ಲ. ಆಮೇಲೆ 1987ರಿಂದ ಡೀಸೆಲ್ ಜತೆ ಎಂಜಿನ್ನಿಗೆ ಹಾಕಿ ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ದುಡ್ಡು, ಜತೆಗೆ ಸ್ಲರಿ ವಾಪಸ್. ಕರೆಂಟ್ ಬೇಕಾದರೆ ಒಂದು ಊರಿನ ಕೊಟ್ಟಿಗೆಗಳು ಒಟ್ಟಾಗಬೇಕು.

ನನ್ನನ್ನು ಕೇಳಿದರೆ ಎರಡು ಎಕರೆ ತೋಟ ಇರುವವರಿಗೆ ಗ್ಯಾಸ್ ಉಪಉತ್ಪನ್ನ, ಸ್ಲರಿಯೇ ಮುಖ್ಯ. ಗ್ಯಾಸಾಗಿ ಹೋಗುವುದು ಸಗಣಿಯ ಇಂಗಾಲ ಮತ್ತು ಒಂದಿಷ್ಟು ಜಲಜನಕ, ಆಮ್ಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲ ಒಳಗೇ ಉಳಿಯುತ್ತದೆ. ನಿಮ್ಮ 35 ಕಿಲೋ ಸಗಣಿ ವರ್ಷಕ್ಕೆ ಹನ್ನೆರಡು ಟನ್ ಮೀರುತ್ತದೆ. ಅದರಲ್ಲಿ ಸಾರಜನಕ ಸುಮಾರು 50 ಕಿಲೋ ಅಂತ ಹಿಡಿಯಿರಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಅನ್ನುವುದು ಶಿಫಾರಸು. ಕಾಗದದ ಮೇಲೆ ಇದು 500 ಮರಕ್ಕೆ ಸಾಕು. ತೋಟದಲ್ಲಿ ಹಾಗಾಗುವುದಿಲ್ಲ, ಯಾಕೆಂದರೆ ಸ್ಲರಿಯ ಸಾರಜನಕದಲ್ಲಿ ಒಳ್ಳೆಯ ಪಾಲು ಅಮೋನಿಯ ರೂಪದಲ್ಲಿರುತ್ತದೆ. ಅಂಗಳದಲ್ಲಿ ಹರವಿ ಒಣಗಿಸಿದರೆ ಅದು ಗಾಳಿಗೆ ಹೋಗುತ್ತದೆ. ಒಣಗಿದ ಸ್ಲರಿ ಚೀಲಕ್ಕೆ ತುಂಬಲು ಹಗುರ, ಮರಕ್ಕೂ ಹಗುರ!

ಆದ್ದರಿಂದ ದ್ರವವಾಗೇ ಮರದ ಬುಡದ ಸುತ್ತ ಹಾಕಿ, ಮೇಲೆ ದರಕು (ಒಣಗಿದ ಎಲೆ) ಮುಚ್ಚಿ. ಹೊರಲು ಕಷ್ಟ, ಸ್ಲರಿ ಪಂಪಿಗೆ ದುಡ್ಡಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಹೊರತೊಟ್ಟಿಯ ಪಕ್ಕ ಎರಡು ಗುಂಡಿ ಮಾಡಿ. ಅದಕ್ಕೆ ಅಡಿಕೆ ಸಿಪ್ಪೆ, ಸೋಗೆ ಚೂರು, ಬಾಳೆದಿಂಡು, ತರಗೆಲೆ ತುಂಬಿ. ಸ್ಲರಿ ಅದರ ಮೇಲೆ ಹರಿಯಲಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ. ಸಿಪ್ಪೆಗೆ ಬೇಕಾದ ಸಾರಜನಕ ಸ್ಲರಿಯಿಂದ ಸಿಗುತ್ತದೆ, ಸ್ಲರಿಯ ನೀರನ್ನು ಸಿಪ್ಪೆ ಹೀರುತ್ತದೆ. ಇಲ್ಲಿ ಗಾಳಿ ಆಡುವುದರಿಂದ ಲಿಗ್ನಿನ್ ತಿನ್ನುವ ಶಿಲೀಂಧ್ರಗಳೂ ಬರುತ್ತವೆ. ಗ್ಯಾಸಿನ ಗುಂಡಿಯಲ್ಲಿ ಶತ್ರುವಾದ ಸಿಪ್ಪೆ ಇಲ್ಲಿ ಬಹಳ ಉಪಕಾರಿ. ಅಡಿಕೆಗೆ ಬೇಕಾದ ಪೊಟ್ಯಾಷ್ ಮಾತ್ರ ಇದರಿಂದ ಪೂರ್ತಿ ಸಿಗುವುದಿಲ್ಲ, ಅದನ್ನು ಬೇರೆ ಕೊಡಬೇಕು.

ನಿಮ್ಮ ಕಡೆ ಮಳೆಗಾಲದ ಬಗ್ಗೆಯೂ ಒಂದು ಮಾತು. ಮೀಥೇನ್ ಮಾಡುವ ಜೀವಿಗಳಿಗೆ 30ರಿಂದ 38 ಡಿಗ್ರಿ ಹಿತ. ಆಷಾಢದ ಜಡಿಮಳೆಯಲ್ಲಿ ಗ್ಯಾಸ್ ಕಡಿಮೆಯಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಮಾಡಿನ ನೀರು ಗುಂಡಿಗೆ ಇಳಿಯದ ಹಾಗೆ ನೋಡಿಕೊಳ್ಳಿ. ಹೊರತೊಟ್ಟಿಗೆ ಚಪ್ಪಡಿ ಮುಚ್ಚಿ. ಮಳೆನೀರಿಗೂ ಅದು ತಡೆ, ಕರುವಿಗೂ ಮಕ್ಕಳಿಗೂ ಅದೇ ಕಾವಲು. ಗುಮ್ಮಟದ ಮೇಲಿನ ಮಣ್ಣು ಕೊಚ್ಚಿಹೋಗಿದ್ದರೆ ಮತ್ತೆ ಮುಚ್ಚಿ. ಆ ಮಣ್ಣಿನ ಭಾರ ಒಳಗಿನ ಒತ್ತಡವನ್ನು ಹಿಡಿಯುತ್ತದೆ.

ಸೀಮೆಸುಣ್ಣದ ಗೆರೆ ಮೊದಲ ರಾತ್ರಿಯೇ ಏರಲಿಲ್ಲ ಅನ್ನಿ. ಆಗಲೂ ತಕ್ಷಣ ಗುಮ್ಮಟದ ಮೇಲೆ ಅನುಮಾನ ಬೇಡ. ನೀರು ಕಡಿಮೆ ಮಾಡಿ, ಒಂದು ತಿಂಗಳು ಸರಿಯಾಗಿ ಬಗ್ಗಡ ಹಾಕಿ ಇನ್ನೊಮ್ಮೆ ನೋಡಿ. ಆಮೇಲೂ ಏರದಿದ್ದರೆ, ಇಲ್ಲವೇ ಒಂದಷ್ಟು ಏರಿ ದಿನಾ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ, ಬಿರುಕಿದೆ. ಖಾಲಿ ಮಾಡಿ ಒಳಗೆ ಗಾರೆ ಮಾಡಿಸಬೇಕು. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ಮನೆಯವರು ಯಾರೂ ಒಳಗೆ ಇಳಿಯಬೇಡಿ. ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ರೂಢಿ ನಮ್ಮಲ್ಲಿದೆ. ಗೋಬರ್ ಗ್ಯಾಸ್ ಗುಂಡಿಗೆ ದೀಪ ಇಳಿಸಿದರೆ ಅದೇ ಸ್ಫೋಟಕ್ಕೆ ಕಾರಣ. ವಾಸನೆ ಇಲ್ಲವಲ್ಲ ಅಂತ ನಂಬುವ ಹಾಗೂ ಇಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಒಬ್ಬ ಬಿದ್ದ ಅಂತ ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಹೋದ ಪ್ರಸಂಗಗಳಿವೆ. ಈ ಕೆಲಸ ಗೊತ್ತಿರುವ ಮೇಸ್ತ್ರಿಯನ್ನೇ ಕರೆಸಿ. ಸ್ಲರಿಯನ್ನೆಲ್ಲ ಮೇಲಿನಿಂದಲೇ ತೆಗೆದು, ವಾಲ್ವ್ ಬಿಚ್ಚಿ, ದಿನಗಟ್ಟಲೆ ಗಾಳಿಯಾಡಿಸಿ, ಬ್ಲೋವರ್ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಜನ ನಿಂತ ಮೇಲಷ್ಟೇ ಅವರೂ ಇಳಿಯಲಿ.

ಅಂಥ ಮೇಸ್ತ್ರಿಗಳು ಸಿಗುವ ವಿಷಯದಲ್ಲಿ ನಿಮ್ಮ ಊರು ಪುಣ್ಯ ಮಾಡಿದೆ. ಶಿರಸಿ ಭಾಗದ ಗೋಬರ್ ಗ್ಯಾಸುಗಳ ಬಗ್ಗೆ 2001ರಲ್ಲೇ ಒಂದು ಅಧ್ಯಯನ ಪ್ರಕಟವಾಗಿದೆ. ಬೇರೆ ಕಡೆ ಕಟ್ಟಿದ ಎಷ್ಟೋ ಗುಂಡಿಗಳು ಪಾಳು ಬಿದ್ದಿದ್ದ ಕಾಲದಲ್ಲಿ ನಿಮ್ಮಲ್ಲಿ ಹೆಚ್ಚುಕಡಿಮೆ ಎಲ್ಲವೂ ಉರಿಯುತ್ತಿದ್ದವು. ಕಟ್ಟಿದವರೇ ಗ್ಯಾರಂಟಿ ಕೊಟ್ಟು, ಕರೆದಾಗ ಬಂದು ರಿಪೇರಿ ಮಾಡುತ್ತಿದ್ದದ್ದು ಅದಕ್ಕೆ ದೊಡ್ಡ ಕಾರಣ.

ಬಲೂನ್ ಮಾದರಿ ಕೆಟ್ಟದ್ದೇನಲ್ಲ. ಅಗೆಯಲು ಜಾಗವಿಲ್ಲದ ಕಡೆ, ಅಂತರ್ಜಲ ಮೇಲೇ ಇರುವ ಕಡೆ, ಹೊಸದಾಗಿ ಶುರು ಮಾಡುವವರಿಗೆ ಸರಿ. ಬಿಸಿಲು, ಇಲಿ, ದನದ ಕೊಂಬು ಇವಕ್ಕೆ ಅದು ಹೆದರುತ್ತದೆ. ಒತ್ತಡ ಕಡಿಮೆ, ಒಲೆ ದೂರ ಇದ್ದರೆ ಉರಿ ಮಂಕು. ಇಟ್ಟಿಗೆಯ ಗುಮ್ಮಟ ಗಟ್ಟಿಯಿರುವಾಗ ಅದನ್ನು ಮುಚ್ಚಿ ಇದನ್ನು ತರುವುದು ಸುಮ್ನೆ ದುಡ್ಡು ದಂಡ. ನಿಮ್ಮದು ರಿಪೇರಿಗೂ ಮೀರಿದೆ ಅಂತ ಮೇಸ್ತ್ರಿ ಹೇಳಿದರೆ ಮಾತ್ರ ಹೊಸದನ್ನು ಯೋಚಿಸಿ. ಆಗಲೂ 3ರದ್ದಲ್ಲ, 2 ಘನ ಮೀಟರಿನದು ಸಾಕು. ಸಹಾಯಧನದ ಮೊತ್ತ, ನಿಯಮ ಆಗಾಗ ಬದಲಾಗುತ್ತವೆ. ಗುಂಡಿ ತೋಡುವ ಮೊದಲೇ ಪಂಚಾಯ್ತಿಯಲ್ಲಿ ಕೇಳಿ, ಮಂಜೂರಿ ಕೈಗೆ ಬಂದ ಮೇಲೆ ಕೆಲಸ ಶುರು ಮಾಡಿ.

ಗಾರೆ ಕೆಲಸ ಮಾಡಿಸುವುದಾದರೆ ಸುಗ್ಗಿ ಮುಗಿದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ಸೆಕೆಯಲ್ಲಿ ಗುಂಡಿ ಬೇಗ ಚೇತರಿಸುತ್ತದೆ. ಖಾಲಿ ಮಾಡುವಾಗ ಕೆಲವು ಡ್ರಮ್ ಹಳೆ ಸ್ಲರಿ ಎತ್ತಿಡಿ, ಅದೇ ಹೆಪ್ಪು. ಮತ್ತೆ ತುಂಬಲು ಎರಡು ಮೂರು ಟನ್ ಸಗಣಿ ಬೇಕು, ನೆರೆಮನೆಯವರಿಗೆ ಮೊದಲೇ ಹೇಳಿಡಿ. ಎರಡು ಮೂರು ವಾರದಲ್ಲಿ ಗ್ಯಾಸ್ ಬರುತ್ತದೆ. ಮೊದಲು ಬಂದದ್ದು ಉರಿಯುವುದಿಲ್ಲ, ಅದರಲ್ಲಿ ಗಾಳಿ ಸೇರಿರುತ್ತದೆ. ಅದನ್ನು ಒಂದೆರಡು ಸಲ ಹೊರಗೆ ಬಿಟ್ಟುಬಿಡಿ, ಆಗ ಹತ್ತಿರ ಬೀಡಿ, ಬೆಂಕಿ ಏನೂ ಇರಬಾರದು. ಹತ್ತುತ್ತದೋ ಇಲ್ಲವೋ ಅಂತ ನೋಡುವುದು ಅಡುಗೆಮನೆಯ ಒಲೆಯಲ್ಲಿ ಮಾತ್ರ, ಗುಮ್ಮಟದ ಪೈಪಿನ ಬಾಯಲ್ಲಿ ಯಾವತ್ತೂ ಅಲ್ಲ.